ಬಡವರ ಸೌಲಭ್ಯಕ್ಕೆ ಕತ್ತರಿಯೋ, ಸಿರಿವಂತರಿಗೆ ತೆರಿಗೆಯೋ? ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಕೊಡಗಿನ ಸಿದ್ದಾಪುರದಿಂದ ಸ್ವಲ್ಪ ಒಳಗೆ. ನಾಲ್ಕು ಎಕರೆ ರೋಬಸ್ಟಾ ಕಾಫಿ ಇದೆ, ನಡುವೆ ಕಾಳುಮೆಣಸಿನ ಬಳ್ಳಿ. ಬಿಡುವಾದಾಗ ತೋಟದ ಕೂಲಿಯವರು ಸಾಲಾಗಿ ಇರುವ ಲೈನ್‌ಮನೆಯವರಿಗೆ, ಆದಿವಾಸಿಗಳ ಹಾಡಿಯವರಿಗೆ ಅರ್ಜಿ ಬರೆದುಕೊಡುತ್ತೇನೆ. ರೇಷನ್ ಕಾರ್ಡ್, ಪಿಂಚಣಿ, ಗೃಹಲಕ್ಷ್ಮಿ, ಹೀಗೆ. ಹಾಗಾಗಿ ಈ ಪ್ರಶ್ನೆಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಬಸ್ಸಿನಲ್ಲಿ ಕೇಳುತ್ತಾರೆ, ಮದುವೆ ಮನೆಯ ಊಟದ ಸಾಲಿನಲ್ಲಿ ಕೇಳುತ್ತಾರೆ, ಕಾಫಿ ಮಾರಲು ಹೋದಾಗ ತೂಕದ ಮುಂದೆ ನಿಂತವರು ಕೇಳುತ್ತಾರೆ. ಒಬ್ಬೊಬ್ಬರಿಗೆ ಅರ್ಧ ಉತ್ತರ ಕೊಟ್ಟು ಬರುವ ಬದಲು ಒಂದೇ ಕಡೆ ಬರೆದಿಡೋಣ ಅನಿಸಿತು.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಬಡವರು ತಾವು ಬಡವರು ಅಂತ ತೋರಿಸಲು ಹತ್ತು ಕಾಗದ ತರಬೇಕು. ಸಿರಿವಂತರ ಹತ್ತಿರ ಒಟ್ಟು ಎಷ್ಟಿದೆ ಅಂತ ಈ ದೇಶದಲ್ಲಿ ಯಾರೂ ಕೇಳುವುದಿಲ್ಲ. ಬೊಕ್ಕಸಕ್ಕೆ ಹಣ ಸಾಲದಿದ್ದರೆ ಮೊದಲು ಆ ಕಡೆ ನೋಡಬೇಕು.

ಈ ಚರ್ಚೆ ಎಷ್ಟು ಹಣದ ಬಗ್ಗೆ?

ಕರ್ನಾಟಕದ 2025-26ರ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ರಾಜ್ಯ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳಿಗೆ ಇಟ್ಟದ್ದು 51,034 ಕೋಟಿ. ಅಂದರೆ ನೂರು ರೂಪಾಯಿಯಲ್ಲಿ ಹನ್ನೆರಡೂವರೆ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಗೃಹಲಕ್ಷ್ಮಿಗೇ ಹೋಗುತ್ತದೆ. ಉಳಿದದ್ದು ಅನ್ನಭಾಗ್ಯ, ಗೃಹಜ್ಯೋತಿ, ಶಕ್ತಿ ಮತ್ತು ಯುವನಿಧಿಗೆ.

ಇದು ಸಣ್ಣ ಮೊತ್ತ ಅಲ್ಲ. ಸಣ್ಣದು ಅಂತ ಹೇಳುವವರ ಜೊತೆ ನಾನಿಲ್ಲ. ಮಳೆ ಬಂದರೆ ಕುಸಿಯುವ ನಮ್ಮ ರಸ್ತೆಗಳಿಗೆ ಹಣ ಇಲ್ಲ ಅಂತ ಕೇಳಿದಾಗ ನನಗೂ ಸಂಕಟವಾಗುತ್ತದೆ. 2018ರ ಆಗಸ್ಟ್‌ನ ಮಳೆ, ಗುಡ್ಡ ಕುಸಿತ ನೋಡಿದವರು ನಾವು. ಆದರೆ ಹಣ ಸಾಲದಾಗ ದಾರಿ ಒಂದೇ ಅಲ್ಲ. ಖರ್ಚು ಇಳಿಸಬಹುದು, ಸಾಲ ತರಬಹುದು, ಆದಾಯ ಹೆಚ್ಚಿಸಬಹುದು. ಮೊದಲನೆಯದನ್ನು ಎಲ್ಲರೂ ಮಾತಾಡುತ್ತಾರೆ. ಕೊನೆಯದು ಬಂದಾಗ ಮಾತು ನಿಂತುಹೋಗುತ್ತದೆ.

ಪುಕ್ಕಟೆ ಅಕ್ಕಿ, ಎರಡು ಸಾವಿರ ಕೊಟ್ಟಿದ್ದಕ್ಕೇ ತೋಟಕ್ಕೆ ಜನ ಬರ್ತಿಲ್ಲ, ಅಲ್ವಾ?

ಕೊಡಗಿನಲ್ಲಿ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರ ಕಷ್ಟ ಸುಳ್ಳಲ್ಲ. ಜನವರಿಯಲ್ಲಿ ಹಣ್ಣು ಕೆಂಪಾಗಿ ನಿಂತಿರುತ್ತದೆ. ನಾಲ್ಕು ಜನ ಬರುತ್ತೇವೆ ಅಂದವರಲ್ಲಿ ಒಬ್ಬರು ಬರುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು ಕುಯ್ಲು ಮುಗಿಯದಿದ್ದರೆ ಮುಂದಿನ ವರ್ಷದ ಫಸಲಿಗೂ ಪೆಟ್ಟು. ಆ ದಿನಗಳಲ್ಲಿ ನಾನೂ ರಾತ್ರಿ ನಿದ್ದೆ ಮಾಡಿದ್ದಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಗೃಹಲಕ್ಷ್ಮಿಯ ಎರಡು ಸಾವಿರವನ್ನು ತಿಂಗಳ ದಿನಗಳಿಗೆ ಹಂಚಿದರೆ ದಿನಕ್ಕೆ 66 ರೂಪಾಯಿ. ಅದೂ ಇಡೀ ಮನೆಗೆ ಒಬ್ಬ ಯಜಮಾನಿಗೆ ಮಾತ್ರ. 66 ರೂಪಾಯಿ ಇದೆ ಅಂತ ದಿನದ ಕೂಲಿ ಬಿಟ್ಟು ಮನೆಯಲ್ಲಿ ಕೂರುವವರು ಎಷ್ಟು ಜನ ಸಿಗುತ್ತಾರೆ?

ಕೆಲಸದವರ ಕೊರತೆ 2023ರಲ್ಲಿ ಶುರುವಾದದ್ದಲ್ಲ. ಗ್ಯಾರಂಟಿಗಳು ಬಂದದ್ದು ಆ ವರ್ಷ. ಅಸ್ಸಾಮಿನಿಂದ ಬಂದ ಕಾರ್ಮಿಕರು ಅದಕ್ಕಿಂತ ಎಷ್ಟೋ ವರ್ಷ ಮೊದಲೇ ನಮ್ಮ ಲೈನ್‌ಗಳಲ್ಲಿ ಇದ್ದರು. ಊರಿನ ಕೆಲಸದವರು ಸಾಕಷ್ಟು ಇದ್ದಿದ್ದರೆ ಅಷ್ಟು ದೂರದಿಂದ ಕರೆಸಬೇಕಿತ್ತಾ? ಲೈನ್‌ಮನೆಯ ಮಕ್ಕಳು ಶಾಲೆಗೆ ಹೋದರು. ಓದಿದವರು ಮೈಸೂರು, ಬೆಂಗಳೂರಿನ ದಾರಿ ಹಿಡಿದರು. ಗಡಿ ದಾಟಿ ಕೇರಳಕ್ಕೆ ಹೋದರೆ ಕೂಲಿ ಜಾಸ್ತಿ. ಮೇಲೆ ಆನೆ ಕಾಟ. ಬೆಳಿಗ್ಗೆ ಮಂಜಿನಲ್ಲಿ ತೋಟಕ್ಕೆ ನಡೆದು ಹೋಗುವ ಹೆಂಗಸಿಗೆ ಮುಂದಿನ ತಿರುವಿನಲ್ಲಿ ಏನಿದೆ ಅಂತ ಗೊತ್ತಿರುವುದಿಲ್ಲ. ಆ ಹೆದರಿಕೆಗೆ ಯಾರೂ ಕೂಲಿ ಕೊಡುವುದಿಲ್ಲ.

ಒಂದು ಬದಲಾವಣೆ ಮಾತ್ರ ನಾನು ಕಣ್ಣಾರೆ ನೋಡಿದ್ದೇನೆ. ಕಕ್ಕಡ ತಿಂಗಳಲ್ಲಿ ಮಳೆ ಬಿಡದೆ ಸುರಿಯುವಾಗ ತೋಟದಲ್ಲಿ ಕೆಲಸ ಇರುವುದಿಲ್ಲ. ಹಿಂದೆ ಆ ದಿನಗಳಲ್ಲಿ ಲೈನಿನವರು ತೋಟದ ಮಾಲೀಕರ ಹತ್ತಿರ ಮುಂಗಡ ತೆಗೆದುಕೊಳ್ಳುತ್ತಿದ್ದರು. ಆ ಮುಂಗಡ ತೀರಿಸಲು ಕುಯ್ಲಿನ ಕಾಲದಲ್ಲಿ ಅದೇ ತೋಟದಲ್ಲಿ, ಅವರು ಹೇಳಿದ ಕೂಲಿಗೆ ದುಡಿಯಬೇಕಿತ್ತು. ಈಗ ಕೆಲವರಾದರೂ ಅಕ್ಕಿ ಇದೆ, ಎರಡು ಸಾವಿರ ಇದೆ, ಮುಂಗಡ ಬೇಡ ಅನ್ನುತ್ತಾರೆ. ಕುಯ್ಲಿನ ಹೊತ್ತಿಗೆ ಯಾರು ಹೆಚ್ಚು ಕೊಡುತ್ತಾರೋ ಅಲ್ಲಿಗೆ ಹೋಗುತ್ತಾರೆ. ಇದು ಸೋಮಾರಿತನ ಅಲ್ಲ. ನಾವು ಬೆಳೆಗಾರರೂ ಹಾಗೇ ಅಲ್ವಾ? ಚೀಲಕ್ಕೆ ನೂರು ರೂಪಾಯಿ ಹೆಚ್ಚು ಕೊಡುವ ವ್ಯಾಪಾರಿಗೇ ಕಾಫಿ ಕೊಡುತ್ತೇವೆ.

ತೆರಿಗೆ ಕಟ್ಟೋರು ನಾವು, ತಿನ್ನೋರು ಅವರು. ಇದು ನ್ಯಾಯವಾ?

ತೆರಿಗೆ ಕಟ್ಟದವರು ಯಾರೂ ಇಲ್ಲ. ಆದಾಯ ತೆರಿಗೆ ಕಟ್ಟುವವರು ಕಡಿಮೆ, ಅಷ್ಟೇ. ಲೈನ್‌ಮನೆಯ ಹೆಂಗಸು ಅಂಗಡಿಯಲ್ಲಿ ಚಪ್ಪಲಿ, ಸೋಪು, ಬಿಸ್ಕತ್ತು ಕೊಂಡರೆ ಅದರೊಳಗೆ ಜಿಎಸ್‌ಟಿ ಇರುತ್ತದೆ. ಸಾವಿರ ಎಕರೆಯ ಮಾಲೀಕರು ಅದೇ ಸೋಪಿಗೆ ಅಷ್ಟೇ ತೆರಿಗೆ ಕಟ್ಟುತ್ತಾರೆ.

ಇನ್ನೊಂದು ಬಾಬ್ತು ಇದೆ, ಮಾತಾಡಲು ಎಲ್ಲರಿಗೂ ಮುಜುಗರ. 2025-26ರಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಗ್ಯಾರಂಟಿಗಳ ಒಟ್ಟು ಖರ್ಚಿನ ಮುಕ್ಕಾಲು ಪಾಲಿಗಿಂತ ಜಾಸ್ತಿ. ಆ ಹಣ ಯಾರ ಕೈಯಿಂದ ಬರುತ್ತದೆ ಅಂತ ಕೂಲಿ ಬಟವಾಡೆಯ ದಿನ ಸಂಜೆ ಯಾವುದೇ ಪೇಟೆಯ ವೈನ್ ಶಾಪ್ ಮುಂದೆ ನಿಂತರೆ ಕಾಣುತ್ತದೆ. ಗಂಡ ದುಡಿದದ್ದರಲ್ಲಿ ಒಂದು ಪಾಲು ಅಬಕಾರಿಗೆ ಹೋಗುತ್ತದೆ, ಹೆಂಡತಿಯ ಖಾತೆಗೆ ಎರಡು ಸಾವಿರ ಬರುತ್ತದೆ. ನನಗೆ ಇದು ದಾನದ ಹಾಗೆ ಕಾಣುವುದಿಲ್ಲ. ಆ ಮನೆಯಿಂದ ಹೋದ ಹಣದಲ್ಲಿ ಸ್ವಲ್ಪ, ಸರಿಯಾದ ಕೈಗೆ ವಾಪಸ್ ಬಂದ ಹಾಗೆ ಕಾಣುತ್ತದೆ.

ಬೆಳೆಗಾರರಿಗೆ ಸರ್ಕಾರ ಏನು ಕೊಟ್ಟಿದೆ?

ಕೊಟ್ಟಿದೆ, ನಾವು ಅದನ್ನು ಸೌಲಭ್ಯ ಅಂತ ಕರೆಯುವುದಿಲ್ಲ. ಸಹಕಾರ ಸಂಘದಲ್ಲಿ ಬಡ್ಡಿ ಇಲ್ಲದ ಬೆಳೆ ಸಾಲ ಇದೆ, 2023ರ ಬಜೆಟ್‌ನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. 2018ರಲ್ಲಿ ಸಾಲ ಮನ್ನಾ ಬಂತು. 10 ಎಚ್‌ಪಿ ವರೆಗಿನ ಪಂಪ್‌ಸೆಟ್ಟಿಗೆ ಬೇರೆ ರೈತರ ಹಾಗೆ ನಮಗೂ ಉಚಿತ ಕರೆಂಟ್ ಕೊಡಿ ಅಂತ ಕೊಡಗಿನಲ್ಲಿ ವರ್ಷಗಟ್ಟಲೆ ಹೋರಾಟ ನಡೆದಿದೆ. ನಾನೂ ಅದರಲ್ಲಿ ಸೇರಿದ್ದೇನೆ, ಆ ಬೇಡಿಕೆ ಸರಿ ಅಂತಲೇ ನಂಬುತ್ತೇನೆ. ಆದರೆ ನಮಗೆ ಬಂದರೆ ಹಕ್ಕು, ಲೈನಿನವರಿಗೆ ಬಂದರೆ ಬಿಟ್ಟಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಎಲ್ಲರಿಗೂ ಬೇಡ, ಅನರ್ಹರನ್ನು ಮಾತ್ರ ತೆಗೆದುಹಾಕಿ ಅಂದರೆ ತಪ್ಪೇನು?

ಕೇಳಲು ತುಂಬಾ ಸರಿಯಾದ ಮಾತು. ಕಾರು, ಬಂಗಲೆ ಇರುವವರ ಹತ್ತಿರ ಬಿಪಿಎಲ್ ಕಾರ್ಡ್ ಇದೆ ಅಂದಾಗ ಯಾರಿಗಾದರೂ ಸಿಟ್ಟು ಬರುತ್ತದೆ. ತೊಂದರೆ ಇರುವುದು ತೆಗೆಯುವ ಕೆಲಸ ಹೇಗೆ ನಡೆಯುತ್ತದೆ ಅನ್ನುವುದರಲ್ಲಿ.

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಮನೆಯ ವಾರ್ಷಿಕ ಆದಾಯ 1.2 ಲಕ್ಷ ರೂಪಾಯಿ ಮೀರಬಾರದು. ದಿನಕ್ಕೆ 400 ರೂಪಾಯಿ ಕೂಲಿ, ವರ್ಷಕ್ಕೆ 300 ದಿನ ಕೆಲಸ ಅಂತ ಹಿಡಿಯಿರಿ. ಒಬ್ಬರ ದುಡಿಮೆಯೇ 1,20,000 ಆಯಿತು. ಗಂಡ ಹೆಂಡತಿ ಇಬ್ಬರೂ ತೋಟಕ್ಕೆ ಹೋದರೆ ಗೆರೆ ದಾಟಿದ ಹಾಗೆ. ಕಾಗದದ ಪ್ರಕಾರ ಅವರು ಬಡವರಲ್ಲ. ಒಂದೇ ಕೋಣೆಯ ಲೈನ್‌ಮನೆಯಲ್ಲಿ ಐದು ಜನ ಮಲಗುತ್ತಾರೆ, ಆ ಮನೆಯೂ ಅವರದ್ದಲ್ಲ. ಆದರೂ ಕಟ್ಟುನಿಟ್ಟಾಗಿ ಜರಡಿ ಹಿಡಿದರೆ ಮೊದಲು ಉದುರುವವರು ಅವರೇ.

2024ರ ನವೆಂಬರ್‌ನಲ್ಲಿ ಇದೇ ಆಯಿತು. ರಾಜ್ಯದಲ್ಲಿ ಒಮ್ಮೆಲೇ ಬಿಪಿಎಲ್ ಕಾರ್ಡ್‌ಗಳನ್ನು ರದ್ದು ಮಾಡಿದರು, ಕೆಲವನ್ನು ಎಪಿಎಲ್‌ಗೆ ಬದಲಿಸಿದರು. ಜನ ಬೀದಿಗೆ ಬಂದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಿ ಅಂತ ಮುಖ್ಯಮಂತ್ರಿಯೇ ಹೇಳಬೇಕಾಯಿತು. ಆ ದಿನಗಳಲ್ಲಿ ನಮ್ಮ ಹತ್ತಿರದ ಲೈನಿನ ಒಬ್ಬ ಅಜ್ಜಿ ರೇಷನ್ ಕೊಡುವ ಸೊಸೈಟಿಯಿಂದ ಬರಿಗೈಯಲ್ಲಿ ಬಂದರು. ಮೂವತ್ತು ವರ್ಷ ಕಾಫಿ ಕುಯ್ದ ಕೈ. ಮೊದಲೇ ಮೆಷಿನ್ನಿಗೆ ಬೆರಳಚ್ಚು ಸಿಗುತ್ತಿರಲಿಲ್ಲ. ಈಗ ಕಾರ್ಡೇ ಇಲ್ಲ ಅಂದರು. ಕಚೇರಿಗೆ ಕರೆದುಕೊಂಡು ಹೋದೆ, ಸರ್ವರ್ ಇಲ್ಲ ನಾಳೆ ಬನ್ನಿ ಅಂದರು. ನಾಳೆ ಅಂದರೆ ಆ ಅಜ್ಜಿಗೆ ಇನ್ನೊಂದು ದಿನದ ಕೂಲಿ ಹೋದ ಹಾಗೆ. ಮೂರು ಸಲ ಹೋದೆವು.

ಕಾರ್ಡ್ ಹೋದರೆ ಹೋಗುವುದು ಅಕ್ಕಿ ಒಂದೇ ಅಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ವೆಚ್ಚದ ಶೇ 30 ಮಾತ್ರ ಸರ್ಕಾರದ್ದು. ಮಡಿಕೇರಿಯಲ್ಲಿ ಆಗದ ಕಾಯಿಲೆಗೆ ಮೈಸೂರು, ಮಂಗಳೂರಿಗೆ ಓಡುವ ಜಿಲ್ಲೆ ನಮ್ಮದು. ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗ ಕಾರ್ಡ್ ಬದಲಾಗಿದೆ ಅಂತ ಗೊತ್ತಾದರೆ ಆ ಮನೆಯ ಗತಿ ಏನು?

ಹಾಡಿಗಳ ಕಥೆ ಇನ್ನೂ ಕಷ್ಟ. ಜೇನುಕುರುಬರು, ಬೆಟ್ಟಕುರುಬರು, ಎರವರು, ಪಣಿಯರು ತಲೆಮಾರುಗಳಿಂದ ಈ ಮಣ್ಣಿನಲ್ಲಿ ಇದ್ದವರು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಅವರ ನೂರಾರು ಗುಡಿಸಲು ಕೆಡವಿದರು. ವಿಳಾಸವೇ ಇಲ್ಲದವರ ಹತ್ತಿರ ವಿಳಾಸದ ದಾಖಲೆ ಕೇಳಿದರೆ ಎಲ್ಲಿಂದ ತರುತ್ತಾರೆ?

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಬ್ರಿಟನ್ನಿನಲ್ಲಿ 2024ರಲ್ಲಿ ವೃದ್ಧರಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಕೊಡುತ್ತಿದ್ದ ಹಣವನ್ನು ತೀರಾ ಬಡವರಿಗೆ ಮಾತ್ರ ಅಂತ ಮಾಡಿದರು. ಅರ್ಹರಾಗಿದ್ದೂ ಅರ್ಜಿ ಹಾಕಿರದ ಎಷ್ಟೋ ವೃದ್ಧರು ಹೊರಗೆ ಉಳಿದರು. ಮರುವರ್ಷವೇ ಸರ್ಕಾರ ಹಿಂದೆ ಸರಿದು, ಹೆಚ್ಚಿನ ವೃದ್ಧರಿಗೆ ಮತ್ತೆ ಕೊಡುವುದಾಗಿ ಹೇಳಿತು. ಅಲ್ಲಿ ಒಳ್ಳೆಯ ದಾಖಲೆ, ಒಳ್ಳೆಯ ನೆಟ್‌ವರ್ಕ್ ಎಲ್ಲಾ ಇದೆ. ಆದರೂ ಹಾಗಾಯಿತು.

ಉಚಿತ ಬಸ್ಸಿನಿಂದ ಕೊಡಗಿಗೆ ಏನು ಲಾಭ?

ಬಯಲು ಸೀಮೆಯಷ್ಟು ಇಲ್ಲ. ರೈಲು ನಮ್ಮ ಜಿಲ್ಲೆಗೆ ಬಂದೇ ಇಲ್ಲ. ಒಳಗಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಶಕ್ತಿ ಯೋಜನೆ ಇರುವುದು ಸರ್ಕಾರಿ ಬಸ್ಸಿನಲ್ಲಿ. ಹಾಗಾಗಿ ನಮ್ಮ ಹೆಂಗಸರು ಟಿಕೆಟ್ ಕೊಂಡೇ ಓಡಾಡುತ್ತಾರೆ. ಗೃಹಜ್ಯೋತಿಯೂ ಹೀಗೇ. ಯೋಜನೆ ನಡೆಯುವುದು ಮೀಟರ್ ಲೆಕ್ಕದಲ್ಲಿ. ಲೈನ್‌ಮನೆಗೆ ಬೇರೆ ಮೀಟರ್ ಇಲ್ಲದಿದ್ದರೆ 200 ಯೂನಿಟ್ ಮಾತು ಅವರಿಗೆ ತಲುಪುವುದೇ ಇಲ್ಲ. ಕಡಿತದ ಬಗ್ಗೆ ಮಾತಾಡುವ ಮೊದಲು ಇನ್ನೂ ತಲುಪದವರ ಬಗ್ಗೆ ಮಾತಾಡಬೇಕು.

ಸಿರಿವಂತರು ಅಂದರೆ ಯಾರು? ನನ್ನ ತೋಟವೂ ಅದರಲ್ಲಿ ಬರುತ್ತಾ?

ಈ ಭಯ ನಮ್ಮಲ್ಲಿ ಜಾಸ್ತಿ. ಎಕರೆಗೆ ಇಷ್ಟು ಲಕ್ಷ ಅಂತ ಕೇಳಿದಾಗ ಹತ್ತು ಎಕರೆ ಇದ್ದವರೂ ತಾವು ಕೋಟ್ಯಧಿಪತಿ ಅಂದುಕೊಳ್ಳುತ್ತಾರೆ.

2024ರಲ್ಲಿ ವಿಶ್ವ ಅಸಮಾನತೆ ಪ್ರಯೋಗಾಲಯ ಅನ್ನುವ ಸಂಶೋಧನಾ ಸಂಸ್ಥೆಯ ಅರ್ಥಶಾಸ್ತ್ರಜ್ಞರು, ಅವರಲ್ಲಿ ಥಾಮಸ್ ಪಿಕೆಟಿ ಕೂಡ ಇದ್ದಾರೆ, ಭಾರತದ ಬಗ್ಗೆ ಒಂದು ಲೆಕ್ಕ ಕೊಟ್ಟರು. 2022-23ರಲ್ಲಿ ಮೇಲಿನ ಶೇ 1 ಜನರ ಕೈಯಲ್ಲಿ ದೇಶದ ಆದಾಯದ ಶೇ 22.6, ಸಂಪತ್ತಿನ ಶೇ 40.1 ಇದೆ ಅಂತ. ಅವರ ಸಲಹೆ ಏನೆಂದರೆ 10 ಕೋಟಿ ಮೀರಿದ ಸಂಪತ್ತಿಗೆ ವರ್ಷಕ್ಕೆ ಶೇ 2, ಮತ್ತು 10 ಕೋಟಿ ಮೀರಿದ ಆಸ್ತಿ ವಾರಸುದಾರರಿಗೆ ಹೋಗುವಾಗ ಶೇ 33 ತೆರಿಗೆ. ಇದು ತಟ್ಟುವುದು ವಯಸ್ಕರಲ್ಲಿ ಶೇ 0.04 ಜನರಿಗೆ, ಅಂದರೆ ಹತ್ತು ಸಾವಿರದಲ್ಲಿ ನಾಲ್ವರಿಗೆ. ಬರುವ ಹಣ ದೇಶದ ಒಟ್ಟು ಉತ್ಪನ್ನದ ಶೇ 2.73.

2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಮಕ್ಕಳನ್ನೂ ಸೇರಿಸಿ ದೇಶದ ಆ ಸರಾಸರಿ ಹಿಡಿದರೂ ಇಡೀ ಜಿಲ್ಲೆಯಲ್ಲಿ 222 ಜನ. ಇನ್ನು ತೋಟದ ಲೆಕ್ಕ. ಎಕರೆಗೆ 25 ಲಕ್ಷ ಅಂತ ಸುಮ್ನೆ ಲೆಕ್ಕಕ್ಕೆ ಹಿಡಿಯಿರಿ. 10 ಕೋಟಿ ಆಗಲು 40 ಎಕರೆ ಬೇಕು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಜಾಸ್ತಿ 10 ಹೆಕ್ಟೇರಿನ ಒಳಗೆ, ಅಂದರೆ 25 ಎಕರೆಗಿಂತ ಕಡಿಮೆ.

ಒಕ್ಕದ, ಅಂದರೆ ಒಂದೇ ಮನೆತನದವರ, ಜಾಗದ ವಿಷಯ ಬೇರೆಯೇ ಇದೆ, ಬೆಂಗಳೂರಿನಲ್ಲಿ ಕೂತು ಕಾನೂನು ಮಾಡುವವರು ಇದನ್ನು ತಿಳಿದುಕೊಳ್ಳಬೇಕು. ಜಮ್ಮಾ, ಅಂದರೆ ಕೊಡಗಿನ ವಂಶಪಾರಂಪರ್ಯ ಭೂಮಿಯ ದಾಖಲೆಯಲ್ಲಿ, ಮನೆತನದ ಹಿರಿಯರಾದ ಪಟ್ಟೇದಾರರ ಹೆಸರಿನ ಜೊತೆ ಕುಟುಂಬದ ಎಷ್ಟೋ ಜನರ ಹೆಸರು ಇರುತ್ತದೆ. ಅರವತ್ತು ಎಕರೆಗೆ ಆರು ಜನ ಪಾಲುದಾರರಿದ್ದರೆ ಈ ದರದಲ್ಲಿ ಒಬ್ಬೊಬ್ಬರಿಗೆ ಬರುವುದು ಎರಡೂವರೆ ಕೋಟಿ. ತೆರಿಗೆ ಇಲ್ಲ. ಪಟ್ಟೇದಾರರೊಬ್ಬರ ತಲೆಗೆ ಹದಿನೈದು ಕೋಟಿ ಕಟ್ಟಿದರೆ ಅದು ಅನ್ಯಾಯ. ಲೆಕ್ಕ ತಲೆಗೆ ಇಷ್ಟು ಅಂತಲೇ ಆಗಬೇಕು.

ಒಂದು ವಿಷಯದಲ್ಲಿ ನಾನು ಆ ಅರ್ಥಶಾಸ್ತ್ರಜ್ಞರ ಸಲಹೆಯನ್ನು ಪೂರ್ತಿ ಒಪ್ಪುವುದಿಲ್ಲ. ಒಬ್ಬರದೇ 200 ಎಕರೆ ಇದೆ ಅನ್ನಿ. ಬೆಲೆ 50 ಕೋಟಿ. 10 ಕೋಟಿ ಕಳೆದು ಉಳಿದ 40 ಕೋಟಿಗೆ ಶೇ 2 ಅಂದರೆ ವರ್ಷಕ್ಕೆ 80 ಲಕ್ಷ, ಎಕರೆಗೆ 40,000. ಒಳ್ಳೆಯ ಬೆಲೆ ಇದ್ದ ವರ್ಷ ಕಟ್ಟಬಹುದು. 2018ರಂಥ ಮಳೆಯಲ್ಲಿ ಕಾಯಿ ಉದುರಿದ ವರ್ಷ ಎಲ್ಲಿಂದ ಕಟ್ಟುವುದು? ತೋಟ ಮಾರಬೇಕು. ಕೊಳ್ಳುವವರು ರೆಸಾರ್ಟ್ ಮಾಡುವವರು. ಹಾಗಾಗಿ ಬೆಳೆ ಇರುವ ಭೂಮಿಗೆ ದರ ತೀರಾ ಕಡಿಮೆ ಇರಬೇಕು, ಬೆಳೆ ಹೋದ ವರ್ಷ ಮುಂದೂಡಲು ಅವಕಾಶ ಇರಬೇಕು. ದೊಡ್ಡ ಸಂಪತ್ತು ಇರುವುದು ಷೇರು, ಕಂಪನಿ, ನಗರದ ಕಟ್ಟಡಗಳಲ್ಲಿ. ತೆರಿಗೆಯ ಭಾರವೂ ಅಲ್ಲೇ ಬೀಳಬೇಕು.

ಕಾಫಿಯ ಆದಾಯಕ್ಕೆ ತೆರಿಗೆ ಇಲ್ಲವಾ?

ಸಂವಿಧಾನದಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರ ಇರುವುದು ರಾಜ್ಯಕ್ಕೆ, ಕೇಂದ್ರಕ್ಕಲ್ಲ. ಕರ್ನಾಟಕದಲ್ಲಿ 1957ರ ಕೃಷಿ ಆದಾಯ ತೆರಿಗೆ ಕಾಯ್ದೆಯ ಅಡಿಯಲ್ಲಿ ಕಾಫಿ ಬೆಳೆಗಾರರು ತೆರಿಗೆ ಕಟ್ಟಿದ ಕಾಲ ಇತ್ತು. ನಮ್ಮ ಹಿರಿಯರಿಗೆ ನೆನಪಿದೆ. ಕೇಂದ್ರದ ನಿಯಮದಲ್ಲಿ, ಬೆಳೆದ ಕಾಫಿಯನ್ನು ತಾವೇ ಕ್ಯೂರಿಂಗ್ ಮಾಡಿ, ಅಂದರೆ ಸಿಪ್ಪೆ ತೆಗೆದು ಬೀಜ ಸಿದ್ಧ ಮಾಡಿ ಮಾರಿದರೆ ಆದಾಯದ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ವ್ಯಾಪಾರದ ಆದಾಯ ಅಂತ ಲೆಕ್ಕ. ಹಣ್ಣನ್ನು ಕಣದಲ್ಲಿ ಒಣಗಿಸಿ, ಆ ಚೆರ್ರಿಯನ್ನು ಹಾಗೇ ವ್ಯಾಪಾರಿಗೆ ಕೊಡುವ ನಮ್ಮಂಥವರಿಗೆ ಅದು ತಟ್ಟುವುದಿಲ್ಲ.

2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ನಮ್ಮ ಜೀವಮಾನದಲ್ಲಿ ನೋಡದ ಬೆಲೆ. ನಾಲ್ಕು ಎಕರೆಯ ನನಗೆ ಹಳೆಯ ಸಾಲ ತೀರಿತು, ಮನೆಯ ಹೆಂಚು ಬದಲಾಯಿತು. ನೂರಾರು ಎಕರೆ ಇದ್ದವರಿಗೆ ಎಷ್ಟು ಬಂದಿರಬಹುದು ಅಂತ ನೀವೇ ಗುಣಿಸಿ. ಮಡಿಕೇರಿಯ ಕಚೇರಿಯಲ್ಲಿ ಸಂಬಳಕ್ಕೆ ದುಡಿಯುವವರು ವರ್ಷಕ್ಕೆ 20 ಲಕ್ಷ ಗಳಿಸಿದರೆ ತೆರಿಗೆ ಕಟ್ಟುತ್ತಾರೆ. ಚೆರ್ರಿ ಮಾರಿ ಕೋಟಿ ಗಳಿಸಿದವರು ಆ ಆದಾಯಕ್ಕೆ ಕೇಂದ್ರಕ್ಕೆ ಏನೂ ಕಟ್ಟಬೇಕಾಗಿಲ್ಲ. ಬೆಳೆಗಾರರಾಗಿ ನಾವೇ ಇದನ್ನು ಒಪ್ಪಿಕೊಳ್ಳಬೇಕು.

ಆದರೆ ಒಂದು ವರ್ಷದ ಬೆಲೆ ನೋಡಿ ತೆರಿಗೆ ಹಾಕಬಾರದು. 2000ದ ಮೊದಲ ವರ್ಷಗಳಲ್ಲಿ ಬೆಲೆ ಬಿದ್ದಾಗ ಎಷ್ಟೋ ಮನೆಗಳು ಸಾಲದಲ್ಲಿ ಮುಳುಗಿದವು. ಐದು ವರ್ಷದ ಸರಾಸರಿ ತೆಗೆಯಿರಿ. ಸರಾಸರಿ ಲಾಭ 50 ಲಕ್ಷ ಮೀರಿದವರಿಗೆ ಮಾತ್ರ ಹಾಕಿ. ಬಂದ ಹಣದಲ್ಲಿ ಒಂದು ಪಾಲು ಇದೇ ಜಿಲ್ಲೆಯ ಲೈನ್‌ಮನೆ, ಹಾಡಿಗಳ ಮನೆ, ಕುಡಿಯುವ ನೀರಿಗೆ ಹೋಗಲಿ. ಈ 50 ಲಕ್ಷ ನನ್ನ ಅಂದಾಜು. ಚರ್ಚೆ ಮಾಡಿ ಬದಲಿಸಬಹುದು.

ಹಿಂದೆ ಸಂಪತ್ತಿನ ತೆರಿಗೆ ಇತ್ತಲ್ಲ, ಯಾಕೆ ತೆಗೆದರು?

1957ರಿಂದ ಇತ್ತು. 2015ರ ಬಜೆಟ್‌ನಲ್ಲಿ ಆಗಿನ ಕೇಂದ್ರ ಹಣಕಾಸು ಸಚಿವ ಅರುಣ್ ಜೇಟ್ಲಿ ತೆಗೆದರು. 2013-14ರಲ್ಲಿ ಇಡೀ ದೇಶದಿಂದ ಬಂದದ್ದು ಬರೀ 1,008 ಕೋಟಿ, ವಸೂಲಿಗೆ ತೊಂದರೆ ಜಾಸ್ತಿ ಅನ್ನುವುದು ಅವರು ಕೊಟ್ಟ ಕಾರಣ.

ಹಣ ಯಾಕೆ ಅಷ್ಟು ಕಡಿಮೆ ಬಂತು ಅಂತ ಕೇಳಬೇಕು. 1993ರಿಂದ ಷೇರುಗಳನ್ನು ಆ ತೆರಿಗೆಯಿಂದ ಹೊರಗಿಟ್ಟಿದ್ದರು. ಒಡವೆ, ಕಾರು, ಎರಡನೇ ಮನೆ, ನಗರದ ಖಾಲಿ ಜಾಗ, ಇಂಥವಕ್ಕೆ ಮಾತ್ರ ತೆರಿಗೆ. ದೇಶದ ಅತಿ ದೊಡ್ಡ ಸಿರಿವಂತರ ಸಂಪತ್ತು ಇರುವುದೇ ಷೇರಿನಲ್ಲಿ. ತೂತು ಬಿಟ್ಟು ನೀರು ಹಿಡಿದರೆ ಎಷ್ಟು ನಿಲ್ಲುತ್ತದೆ?

ತೆಗೆದದ್ದಕ್ಕೆ ಬದಲಾಗಿ ಕೋಟಿ ಮೀರಿದ ಆದಾಯಕ್ಕೆ ಶೇ 2 ಹೆಚ್ಚುವರಿ ಸರ್‌ಚಾರ್ಜ್, ಅಂದರೆ ತೆರಿಗೆಯ ಮೇಲೆ ತೆರಿಗೆ, ಹಾಕಿದರು. ಅದರಿಂದ ಕೇಂದ್ರಕ್ಕೆ ಹೆಚ್ಚೇ ಹಣ ಬಂತು. ಆದರೆ ಸರ್‌ಚಾರ್ಜ್ ಮತ್ತು ಸೆಸ್‌ನಲ್ಲಿ ರಾಜ್ಯಗಳಿಗೆ ಪಾಲು ಇಲ್ಲ. ಸಂಪತ್ತಿನ ತೆರಿಗೆಯಲ್ಲಿ ಇತ್ತು. ಕರ್ನಾಟಕದ ದೃಷ್ಟಿಯಿಂದ ಇದು ನಷ್ಟ. 2023ರಲ್ಲಿ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಅತಿ ಹೆಚ್ಚಿನ ಸರ್‌ಚಾರ್ಜನ್ನೂ ಶೇ 37ರಿಂದ 25ಕ್ಕೆ ಇಳಿಸಿದರು.

ತೀರಿಹೋದವರ ಆಸ್ತಿಗೆ ಎಸ್ಟೇಟ್ ಡ್ಯೂಟಿ ಅಂತಲೂ ಒಂದಿತ್ತು, 1953ರಿಂದ 1985ರ ತನಕ. ಇಲ್ಲಿ ಎಸ್ಟೇಟ್ ಅಂದರೆ ಕಾಫಿ ತೋಟ ಅಲ್ಲ, ಬಿಟ್ಟುಹೋದ ಎಲ್ಲಾ ಆಸ್ತಿ. ಅದರ ಗರಿಷ್ಠ ದರ ಶೇ 85. ಅಷ್ಟು ದರ ಇಟ್ಟರೆ ಜನ ಬಚ್ಚಿಡದೆ ಇನ್ನೇನು ಮಾಡುತ್ತಾರೆ? ಅದು ಮತ್ತೆ ಬೇಕು ಅಂತ ನಾನು ಹೇಳುವುದಿಲ್ಲ.

ತೆರಿಗೆ ಹಾಕಿದರೆ ಸಿರಿವಂತರು ದೇಶ ಬಿಟ್ಟು ಹೋಗಲ್ವಾ?

ಕೆಲವರು ಹೋಗುತ್ತಾರೆ. ಯುರೋಪಿನ ಹಲವು ದೇಶಗಳು ಸಂಪತ್ತಿನ ತೆರಿಗೆಯನ್ನು ಕೈಬಿಟ್ಟಿವೆ. ಸ್ವೀಡನ್ 2007ರಲ್ಲಿ ಬಿಟ್ಟಿತು. ಫ್ರಾನ್ಸ್ 2018ರಲ್ಲಿ ಅದನ್ನು ಮನೆ, ಜಾಗಗಳಿಗೆ ಮಾತ್ರ ಇಳಿಸಿತು. ಆದರೆ ಸ್ವಿಟ್ಜರ್ಲೆಂಡ್, ನಾರ್ವೆ, ಸ್ಪೇನ್‌ನಲ್ಲಿ ಇವತ್ತಿಗೂ ಇದೆ, ಅವು ಬಡ ದೇಶಗಳಾಗಿಲ್ಲ. ಒಂದು ದೇಶ ಒಂಟಿಯಾಗಿ ಮಾಡಿದರೆ ಕಷ್ಟ ಅನ್ನುವುದು ನಿಜ, ಅದಕ್ಕೇ 2024ರಲ್ಲಿ ಬ್ರೆಜಿಲ್ ಇದನ್ನು ಜಿ20 ಸಭೆಯ ತನಕ ತಂದಿತು. ಮತ್ತೆ, ಜಾಗ, ಕಟ್ಟಡ ಎಲ್ಲಿಗೂ ಹೋಗುವುದಿಲ್ಲ. ಮಾಲೀಕರು ದುಬೈನಲ್ಲಿದ್ದರೂ ಬೆಂಗಳೂರಿನ ಕಟ್ಟಡ ಬೆಂಗಳೂರಿನಲ್ಲೇ ಇರುತ್ತದೆ.

ಕಂಪನಿಗಳಿಗೆ ತೆರಿಗೆ ಇಳಿಸಿದರೆ ಉದ್ಯೋಗ ಬರುತ್ತದೆ, ಬಡವರಿಗೆ ಕೊಟ್ಟರೆ ಏನು ಬರುತ್ತದೆ?

2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆಯ ಮೂಲ ದರವನ್ನು ಶೇ 30ರಿಂದ 22ಕ್ಕೆ ಇಳಿಸಿದರು. ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಟ್ಟುಕೊಡುತ್ತೇವೆ ಅಂತ ಸರ್ಕಾರವೇ ಹೇಳಿತು. ಅದು ಇಡೀ ದೇಶದ ಲೆಕ್ಕ, ಗ್ಯಾರಂಟಿ ಒಂದು ರಾಜ್ಯದ್ದು, ಹಾಗಾಗಿ ನೇರ ಹೋಲಿಸುವುದು ಸರಿಯಲ್ಲ. ಆದರೆ ಒಂದನ್ನು ಪ್ರೋತ್ಸಾಹ ಅಂತ, ಇನ್ನೊಂದನ್ನು ಬಿಟ್ಟಿಭಾಗ್ಯ ಅಂತ ಕರೆಯುವುದು ಯಾಕೆ?

ಎರಡು ಸಾವಿರದಿಂದ ಏನು ಬರುತ್ತದೆ ಅಂತ ಕೇಳಿದರೆ ಸಂತೆ ದಿನ ಬನ್ನಿ. ಹಣ ಬಂದ ವಾರ ಒಣಮೀನಿನವರ ಮುಂದೆ, ಬಟ್ಟೆ ಅಂಗಡಿಯ ಮುಂದೆ, ಶಾಲೆ ಪುಸ್ತಕದ ಅಂಗಡಿಯ ಮುಂದೆ ಹೆಂಗಸರು ನಿಂತಿರುತ್ತಾರೆ. ಆ ಹಣ ಊರು ಬಿಟ್ಟು ಹೋಗುವುದಿಲ್ಲ.

ರಾಜ್ಯ ಸರ್ಕಾರದ ಕೈಯಲ್ಲಿ ಏನಿದೆ? ಎಲ್ಲಾ ಕೇಂದ್ರದ್ದೇ ಅಲ್ವಾ?

ಷೇರು, ಕಂಪನಿ, ಆದಾಯ, ಇವೆಲ್ಲಾ ಕೇಂದ್ರದ್ದೇ. ಅಲ್ಲಿಂದ ಬರುವ ಪಾಲೂ 15ನೇ ಹಣಕಾಸು ಆಯೋಗದ ಕಾಲದಲ್ಲಿ ಕಡಿಮೆಯಾಯಿತು. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯ ಹಣದಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಕೊಟ್ಟ ಪಾಲು ಶೇ 4.713, ಹದಿನೈದನೆಯದು ಕೊಟ್ಟದ್ದು 3.647. ವೃತ್ತಿ ತೆರಿಗೆಯನ್ನು ರಾಜ್ಯ ಹಾಕಬಹುದು, ಆದರೆ ಸಂವಿಧಾನದ 276ನೇ ವಿಧಿಯಲ್ಲಿ ಒಬ್ಬರಿಗೆ ವರ್ಷಕ್ಕೆ 2,500 ರೂಪಾಯಿಯ ಮಿತಿ. 1988ರಲ್ಲಿ ಇಟ್ಟ ಮಿತಿ, ಇನ್ನೂ ಬದಲಾಗಿಲ್ಲ. ತಿಂಗಳಿಗೆ ಹತ್ತು ಲಕ್ಷ ಗಳಿಸುವವರೂ ಅಷ್ಟೇ ಕಟ್ಟುತ್ತಾರೆ.

ಕೈಯಲ್ಲಿ ಇರುವುದೂ ಕೆಲವು ಇವೆ. ಕೃಷಿ ಆದಾಯದ ಬಗ್ಗೆ ಮೇಲೆ ಬರೆದಿದ್ದೇನೆ. ನೋಂದಣಿ, ಮುದ್ರಾಂಕ ಶುಲ್ಕ ರಾಜ್ಯದ್ದು, ಐಷಾರಾಮಿ ಕಾರುಗಳ ತೆರಿಗೆ ರಾಜ್ಯದ್ದು. ಕೊಡಗಿನ ಮಟ್ಟಿಗೆ ದೊಡ್ಡದು ಹೋಂಸ್ಟೇ, ರೆಸಾರ್ಟ್. ನೋಂದಣಿ ಮಾಡದೆ ನಡೆಸುವವರು ಎಲ್ಲಾ ಊರಲ್ಲೂ ಇದ್ದಾರೆ. ಪಂಚಾಯಿತಿ ಪುಸ್ತಕದಲ್ಲಿ ಅದು ಇನ್ನೂ ವಾಸದ ಮನೆ. ವಾರಾಂತ್ಯದಲ್ಲಿ ಒಂದು ರಾತ್ರಿಗೆ ಬರುವ ಬಾಡಿಗೆ ಇಡೀ ವರ್ಷದ ಕಂದಾಯಕ್ಕಿಂತ ಜಾಸ್ತಿ. ಕಸ ಎತ್ತುವುದು, ನೀರು ಕೊಡುವುದು ಮಾತ್ರ ಪಂಚಾಯಿತಿಯ ತಲೆಗೆ. ಒಂದು ಕೋಣೆ ಬಾಡಿಗೆಗೆ ಬಿಟ್ಟು ಬದುಕುವ ಸಣ್ಣ ಮನೆಯವರನ್ನು ಹಿಂಸಿಸಬೇಡಿ. ಈಜುಕೊಳ ಇರುವವರಿಂದ ಶುರು ಮಾಡಿ.

ಹಾಗಾದರೆ ಗ್ಯಾರಂಟಿಗಳು ಇದ್ದ ಹಾಗೇ ಇರಲಿ ಅಂತೀರಾ?

ಇಲ್ಲ. ನನಗೂ ಗೃಹಲಕ್ಷ್ಮಿ ಬರುತ್ತದೆ. ನಾನು, ನನ್ನ ಗಂಡ ಆದಾಯ ತೆರಿಗೆ ಕಟ್ಟುವವರಲ್ಲ, ಜಿಎಸ್‌ಟಿ ಇಲ್ಲ, ಹಾಗಾಗಿ ನಿಯಮದ ಪ್ರಕಾರ ಅರ್ಹಳು. ಕಾಫಿಗೆ ಈಗಿನ ಬೆಲೆ ಇರುವಾಗ ನನಗಿಂತ ಎಷ್ಟೋ ಪಾಲು ದೊಡ್ಡ ತೋಟದವರಿಗೂ ಬರುತ್ತದೆ, ಯಾಕೆಂದರೆ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಇಲ್ಲಿ ಜರಡಿ ಹಿಡಿಯಬೇಕು. ಅದಕ್ಕೆ ಲೈನ್‌ಮನೆಗೆ ಹೋಗಿ ಕಾಗದ ಕೇಳಬೇಕಾಗಿಲ್ಲ. ತೋಟದ ದಾಖಲೆ ಕಂದಾಯ ಇಲಾಖೆಯ ಕಂಪ್ಯೂಟರಿನಲ್ಲೇ ಇದೆ. ಇಷ್ಟು ಎಕರೆಗಿಂತ ಜಾಸ್ತಿ ಕಾಫಿ ಇದ್ದವರಿಗೆ ಇಲ್ಲ ಅಂತ ಹೇಳುವುದು ಒಂದು ದಿನದ ಕೆಲಸ.

ಹಣ ತಿಂಗಳುಗಟ್ಟಲೆ ಬಾರದೆ, ಆಮೇಲೆ ಒಟ್ಟಿಗೆ ಬರುವುದೂ ನಿಲ್ಲಬೇಕು. ಮಳೆಗಾಲದಲ್ಲಿ ಬಾರದ ಹಣ ಡಿಸೆಂಬರ್‌ನಲ್ಲಿ ಬಂದರೆ ಅಷ್ಟರಲ್ಲಿ ಮುಂಗಡ ತೆಗೆದುಕೊಂಡಾಗಿರುತ್ತದೆ.

ಮತ್ತೆ ವೃದ್ಧಾಪ್ಯ ವೇತನ. 60ರಿಂದ 79 ವರ್ಷದವರಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಿಂದ ಅಷ್ಟೇ ಇದೆ. ಉಳಿದದ್ದನ್ನು ರಾಜ್ಯ ಸೇರಿಸುತ್ತದೆ. ರಾಜ್ಯದ ಪಿಂಚಣಿ ಯೋಜನೆ ಸಂಧ್ಯಾ ಸುರಕ್ಷಾದಲ್ಲಿ ಸಿಗುವುದು 1,200. ಜೀವಮಾನ ಇಡೀ ತೋಟದಲ್ಲಿ ಬೆನ್ನು ಬಗ್ಗಿಸಿದವರಿಗೆ ಇದು ಸಾಲದು. ಕಡಿತ ಬಿಡಿ, ಇಲ್ಲಿ ಹೆಚ್ಚಿಸಲೇಬೇಕು.

ನನ್ನ ಕಾರ್ಡ್ ರದ್ದಾಗಿದೆ ಅಂತ ಹೇಳಿದ್ದಾರೆ. ಈಗ ಏನು ಮಾಡಲಿ?

ಸುಮ್ನೆ ವಾಪಸ್ ಬರಬೇಡಿ. ಯಾವ ಕಾರಣಕ್ಕೆ ರದ್ದಾಯಿತು ಅಂತ ಬರೆದುಕೊಡಲು ಕೇಳಿ. ಕೊಡದಿದ್ದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಕೈಬರಹದ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಆ ಸೀಲು ಬಹಳ ಮುಖ್ಯ. ಆದಾಯದ ಕಾರಣ ಹೇಳಿದರೆ ನಾಡಕಚೇರಿಯಿಂದ ಹೊಸ ಆದಾಯ ಪ್ರಮಾಣಪತ್ರ ಮಾಡಿಸಿ. ಇ-ಕೆವೈಸಿ ಆಗಿಲ್ಲ ಅಂದರೆ ಮನೆಯ ಎಲ್ಲರೂ ಆಧಾರ್ ಹಿಡಿದು ಸೊಸೈಟಿಗೆ ಹೋಗಬೇಕು. ಬೆರಳು ತೆಗೆದುಕೊಳ್ಳದಿದ್ದರೆ ಬೇರೆ ವಿಧಾನ ಮಾಡಿಕೊಡಿ ಅಂತ ಅರ್ಜಿಯಲ್ಲೇ ಬರೆಯಿರಿ. ಅಲ್ಲೂ ಆಗದಿದ್ದರೆ 2013ರ ಆಹಾರ ಭದ್ರತೆ ಕಾಯ್ದೆಯ ಪ್ರಕಾರ ಜಿಲ್ಲೆಗೆ ಒಬ್ಬ ಕುಂದುಕೊರತೆ ಅಧಿಕಾರಿ ಇರುತ್ತಾರೆ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು.

ಆಸ್ಪತ್ರೆಗೆ ಹೋಗಬೇಕಾದವರು ಮನೆಯಲ್ಲಿ ಇದ್ದರೆ ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ಗ್ರಾಮಸಭೆ ಇದ್ದ ದಿನ ಹೋಗಿ ಎದ್ದು ನಿಂತು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಒಬ್ಬರೇ ಹೋಗಬೇಡಿ, ನಿಮ್ಮ ಲೈನಿನಲ್ಲಿ ಕಾರ್ಡ್ ಹೋದವರು ಎಷ್ಟು ಜನ ಇದ್ದೀರೋ ಅಷ್ಟೂ ಜನ ಒಟ್ಟಿಗೆ ಹೋಗಿ. ಅರ್ಜಿ ಬರೆಯಲು ಗೊತ್ತಿಲ್ಲದಿದ್ದರೆ ನಿಮ್ಮ ಊರಿನ ಶಾಲೆ ಟೀಚರ್, ಅಂಗನವಾಡಿಯಮ್ಮ, ಸಂಘದ ಪುಸ್ತಕ ಬರೆಯುವವರು, ಯಾರನ್ನಾದರೂ ಕೇಳಿ. ಕೇಳಲು ಸಂಕೋಚ ಬೇಡ. ಕೂಲಿ ಇರುವ ದಿನ ಆಗದಿದ್ದರೆ ಸಂಜೆ ಬನ್ನಿ ಅಂತ ನಾನು ಹೇಳುತ್ತೇನೆ, ದೀಪ ಹಚ್ಚುವ ಹೊತ್ತಿನಿಂದ ಊಟದ ತನಕ ನಮ್ಮ ಮನೆಯ ಜಗಲಿಯಲ್ಲಿ ಇದೇ ಕೆಲಸ ನಡೆಯುತ್ತದೆ.